ಇಪ್ಪತ್ತಾರು ಮನೆಯ ಕಲಗಚ್ಚು

ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಮುತ್ತಿನಕೆರೆಯ ಯಾವ ಬೀದಿಗೆ ಹೋದರೂ ಮುಂಬಾಗಿಲಿಗೆ ಒಂದು ಚೌಕಟ್ಟು ನೇತುಹಾಕಿರುತ್ತಿದ್ದರು. ಚೌಕಟ್ಟಿನೊಳಗೆ ಎರಡು ಅಂಗೈಯಗಲದ ಬಟ್ಟೆ. ಬೀದಿ ಕಂಬದ ಮೇಲಿನ ಕ್ಯಾಮೆರಾ ಒಂದೊಂದೇ ಮನೆಯ ಬಟ್ಟೆಯ ಬಣ್ಣ ನೋಡಿ ನಿಯಂತ್ರಣ ಕೊಠಡಿಗೆ ಕಳಿಸುತ್ತಿತ್ತು. ಅಲ್ಲಿ ಗೋಡೆಯಗಲದ ನಕ್ಷೆಯಲ್ಲಿ ಮನೆಗೊಂದು ಚುಕ್ಕೆ. ಆ ಚುಕ್ಕೆಗಳನ್ನು ಕಾಯುವುದೇ ಸಿಂಚನಳ ಕೆಲಸ.

ಇದು ಇನ್ನೊಂದು ಇಪ್ಪತ್ತು ವರ್ಷ ಕಳೆದ ಮೇಲಿನ ಮಾತು. ಊರಿನ ಮೇಲ್ಭಾಗದಲ್ಲಿ ಹಳೇ ಬ್ಯಾಟರಿ ಒಡೆಯುವ ಶೆಡ್ಡುಗಳಿದ್ದವು. ಮೂವತ್ತು ವರ್ಷ ಹೊಳೆಗೆ ಸುರಿಯುವಷ್ಟು ಸುರಿದು, ಮಾಲೀಕರು ಬೀಗ ಹಾಕಿಕೊಂಡು ಹೊರಟುಹೋದರು. ಸೀಸ ಮಾತ್ರ ಎಲ್ಲೂ ಹೋಗಲಿಲ್ಲ, ನೆಲದಲ್ಲೇ ಕೂತಿತು. ಊರಿಗೆ ಬೇರೆ ನೀರೂ ಇಲ್ಲ. ಆಗ ಬಂದದ್ದು ಈ ಬಟ್ಟೆ. ಗೂಡು ಬಿಚ್ಚಿದ ಮೇಲೆ ಉಳಿಯುವ ರದ್ದಿ ರೇಷ್ಮೆಯನ್ನು ಕರಗಿಸಿ, ಪಾಕ ಮಾಡಿ, ವಿದ್ಯುತ್ತಿನ ಸೆಳೆತದಲ್ಲಿ ಎಳೆದರೆ ಕೂದಲಿಗಿಂತ ಐನೂರು ಪಟ್ಟು ಸಣ್ಣ ಎಳೆ ಬರುತ್ತದೆ. ಅವನ್ನು ಒಂದರ ಮೇಲೊಂದು ಹಾಸಿದರೆ ಪೊರೆ. ಎಳೆಗಳ ಮೈಗೆ ಅಂಟಿಸಿದ ಕೊಂಡಿಗಳು ನೀರಿನಲ್ಲಿರುವ ಸೀಸವನ್ನು ಹಿಡಿದುಕೊಳ್ಳುತ್ತವೆ, ಹಿಡಿದಂತೆಲ್ಲ ಬಣ್ಣ ಬದಲಾಗುತ್ತದೆ. ಮೊದಲು ಬಿಳಿ, ಆಮೇಲೆ ಹಳದಿ, ಕೆಂಪು, ಕೊನೆಗೆ ಕಂದು. ವಾರವಿಡೀ ನಲ್ಲಿಗೆ ಕಟ್ಟಿ ನೀರು ಸೋಸಿ ಸೋಮವಾರ ಬಾಗಿಲಿಗೆ ಹಾಕಬೇಕು, ಕೆಂಪಾದರೆ ಬಟ್ಟೆ ನೂಲುವ ಕೇಂದ್ರಕ್ಕೆ ಕೊಟ್ಟು ಹೊಸದು ತರಬೇಕು. ಕಾಗದದಲ್ಲಿ ಇದರ ಹೆಸರು ಪೊರೆ, ಊರವರ ಬಾಯಲ್ಲಿ ಸೋಸುಬಟ್ಟೆ.

ಬಣ್ಣವನ್ನು ಬಾಗಿಲಿಗೆ ನೇತುಹಾಕಿ ಅಂದವರು ಜನರನ್ನು ಅರಿತವರಲ್ಲ, ಅಷ್ಟು ಹೇಳಬಹುದು. ವರ್ಷ ಕಳೆಯುವುದರೊಳಗೆ ಬಾಡಿಗೆಗೆ ಬರುವವರು ಮೊದಲು ಬಟ್ಟೆ ನೋಡತೊಡಗಿದರು. ಹೆಣ್ಣು ನೋಡಲು ಬಂದವರು ಕಾಫಿ ಕುಡಿಯುವ ಮುಂಚೆ ಬಾಗಿಲ ಕಡೆ ಒಂದು ಕಣ್ಣು ಹಾಕತೊಡಗಿದರು. "ಅವರ ಮನೆ ಬಟ್ಟೆ ಯಾವಾಗಲೂ ಹಳದಿಯಂತೆ" ಅನ್ನುವುದು ಬೈಗುಳವಾಯಿತು.

ಆದರೂ ಈ ಸೋಮವಾರ ನಕ್ಷೆ ತುಂಬ ಬಿಳಿ ಚುಕ್ಕೆ. ಹೋದ ವಾರವೂ ಹಾಗೇ, ಅದಕ್ಕೆ ಹಿಂದಿನ ವಾರವೂ. ನಿರ್ದೇಶಕಿ ಶ್ರೀವಿದ್ಯಾ ಮೇಡಂ ಕೈಕಟ್ಟಿ ನಿಂತು ನೋಡುತ್ತಿದ್ದರು.

"ಮುಂದಿನ ವಾರ ಶುಕ್ರವಾರ ಘೋಷಣೆ ಮಾಡಿಬಿಡೋಣ ಸಿಂಚನಾ. ಮುತ್ತಿನಕೆರೆ ಸೀಸಮುಕ್ತ. ಆಮೇಲೆ ನೂಲುವ ಯಂತ್ರ ಪಕ್ಕದ ತಾಲ್ಲೂಕಿಗೆ."

ಸಿಂಚನ ಹ್ಞೂಂ ಅಂದಳು. ಕೂತಿದ್ದಳು, ಎದ್ದಳು, ಮತ್ತೆ ಕೂತಳು. ಮೊಬೈಲಿನಲ್ಲಿ ಬೆಳಿಗ್ಗೆ ಬಂದ ಸಂದೇಶವನ್ನು ಹತ್ತನೇ ಸಲ ತೆರೆದಳು. ಅಂಗನವಾಡಿಯಲ್ಲಿ ಮೂರು ತಿಂಗಳಿಗೊಮ್ಮೆ ಮಕ್ಕಳ ಬೆರಳು ಚುಚ್ಚಿ ರಕ್ತದಲ್ಲಿ ಸೀಸ ನೋಡುತ್ತಿದ್ದರು. ಐದರೊಳಗಿರಬೇಕು. ಅವಳ ಮಗಳು ಋತ್ವಿಗೆ ಒಂಬತ್ತು ತಿಂಗಳ ಹಿಂದೆ ನಾಲ್ಕಿತ್ತು. ಆಮೇಲೆ ಒಂಬತ್ತು, ಆಮೇಲೆ ಹದಿನಾರು. ಇವತ್ತು ಇಪ್ಪತ್ತಮೂರು.

ಡಾಕ್ಟರು ಫೋನಿನಲ್ಲಿ ಮುಚ್ಚುಮರೆ ಮಾಡಲಿಲ್ಲ. "ಎಲ್ಲಿಂದ ಬರ್ತಿದೆ ಅಂತ ಬೇಗ ಹುಡುಕಿ. ಈ ವಯಸ್ಸಲ್ಲಿ ಮಿದುಳಿಗೆ ಆಗೋ ಪೆಟ್ಟು ಆಮೇಲೆ ಸರಿಹೋಗುತ್ತೆ ಅಂತ ನಾನು ಹೇಳಲ್ಲ." ಈ ಮಾತು ಅವಳ ಕಿವಿಯಿಂದ ಇಳಿಯಲೇ ಇಲ್ಲ.

ಋತ್ವಿಗೆ ನಾಲ್ಕು ವರ್ಷ. ಹೋದ ವರ್ಷ ಮಾತಿನ ಮಲ್ಲಿಯಾಗಿದ್ದಳು. ಈಗ ಅಳಿಲನ್ನು ತೋರಿಸಿ ಬಾಯಿ ತೆರೆಯುತ್ತಾಳೆ, ಹೆಸರು ಸಿಗುವುದಿಲ್ಲ, ಸಿಟ್ಟು ಬಂದು ಕಾಲು ಬಡಿಯುತ್ತಾಳೆ. ಹೊಟ್ಟೆನೋವು ಅಂತ ಮುದುಡಿಕೊಳ್ಳುತ್ತಾಳೆ. ಸಿಂಚನಳಿಗೆ ಅವಳನ್ನು ಎತ್ತಿಕೊಂಡರೂ ಸಮಾಧಾನವಿಲ್ಲ, ಕೆಳಗಿಳಿಸಿದರೂ ಸಮಾಧಾನವಿಲ್ಲ.

ಮನೆಗೆ ಬಂದವಳೇ ಮತ್ತೆ ಹುಡುಕಾಟಕ್ಕೆ ಬಿದ್ದಳು. ಅರಿಶಿನದ ಪುಡಿ, ಕಾಡಿಗೆ ಡಬ್ಬಿ, ಬಣ್ಣದ ಗೊಂಬೆ, ಕಿಟಕಿಯ ಪೇಂಟು, ಹಿತ್ತಲ ಮಣ್ಣು, ಎಲ್ಲವನ್ನೂ ಚೂರು ಚೂರು ಕಟ್ಟಿ ಚೀಟಿ ಅಂಟಿಸಿದಳು. ಗಂಡ ಯೋಗೀಶ ಲಾರಿ ಹತ್ತಿ ಹೋಗಿ ಎಂಟು ದಿನವಾಗಿತ್ತು, ಫೋನಿನಲ್ಲಿ ಅವನು ಹೇಳುವುದೂ ಒಂದೇ, "ನೀನೇ ಅಲ್ವಾ ಆ ಆಫೀಸಲ್ಲಿರೋದು, ನಿಂಗೇ ಗೊತ್ತಾಗ್ಬೇಕು."

ಅತ್ತೆ ಕೆಂಪಾಜಮ್ಮ ಬಾಗಿಲಲ್ಲಿ ನಿಂತು ಎಲೆ ಅಡಿಕೆ ಅಗಿಯುತ್ತಾ ಸೊಸೆಯನ್ನೇ ನೋಡುತ್ತಿದ್ದಳು. "ಮನೆಯೆಲ್ಲಾ ಗುಡಿಸ್ಕೊಂಡ್ ಒಯ್ತಾ ಇದೀಯಲ್ಲವ್ವ. ಆ ಮಗ ಸೊರಗೈತೆ, ನಾಕ್ ಲೋಟ ಗಟ್ಟಿ ಹಾಲು ಕುಡುದ್ರೆ ತಾನೇ ಸರಿಹೋಯ್ತದೆ."

ಹಾಲಿನ ವಿಷಯಕ್ಕೆ ಬಂದರೆ ಕೆಂಪಾಜಮ್ಮನ ಮುಂದೆ ಯಾರೂ ನಿಲ್ಲುವಂತಿರಲಿಲ್ಲ. ಬೀದಿಗೆಲ್ಲ ಉಳಿದಿದ್ದದ್ದು ಅವಳ ಚೆಲುವಿ ಒಂದೇ ಎಮ್ಮೆ. ಹಿತ್ತಲಿನ ಗೋಡೆಯ ಪಕ್ಕ ಒಂದು ನೀಲಿ ಡ್ರಮ್ಮು. ಇಪ್ಪತ್ತಾರು ಮನೆಯವರು ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಉಳಿದ ಗಂಜಿ ತಂದು ಅದಕ್ಕೆ ಸುರಿಯುತ್ತಿದ್ದರು. ಕಲಗಚ್ಚು ಕೊಟ್ಟವರಿಗೆ ಎಮ್ಮೆ ಈದಾಗ ಗಿಣ್ಣು, ನೆಂಟರು ಬಂದರೆ ಮೊಸರು, ಬಸುರಿ ಬಾಣಂತಿಯರಿದ್ದ ಮನೆಗೆ ದಿನಾ ಅರ್ಧ ಸೇರು ಹಾಲು. ಮೊದಲು ಕರೆದ ನೊರೆಹಾಲು ಮಾತ್ರ ಮೊಮ್ಮಗಳಿಗೇ, ಅದರಲ್ಲಿ ರಾಜಿಯಿಲ್ಲ.

ಶನಿವಾರ ಸಿಂಚನ ಪ್ರಯೋಗಾಲಯದಲ್ಲಿ ಎಲ್ಲವನ್ನೂ ಯಂತ್ರಕ್ಕೆ ಕೊಟ್ಟಳು. ಗೊಂಬೆಯಲ್ಲಿ ಇಲ್ಲ. ಕಾಡಿಗೆಯಲ್ಲಿ ಇಲ್ಲ. ಅರಿಶಿನದಲ್ಲಿ ಇಲ್ಲ. ಕೊನೆಗೆ ಏನೂ ತೋಚದೆ ಎರಡು ಬಾಟಲಿ ನೀರು ಇಟ್ಟಳು. ಒಂದು ಬಟ್ಟೆಯಲ್ಲಿ ಸೋಸಿದ್ದು, ಇನ್ನೊಂದು ನಲ್ಲಿಯಿಂದ ನೇರ ಹಿಡಿದದ್ದು. ನಲ್ಲಿ ನೀರನ್ನು ಪರೀಕ್ಷೆ ಮಾಡುವುದನ್ನು ಕೇಂದ್ರದವರು ವರ್ಷದ ಹಿಂದೆಯೇ ಬಿಟ್ಟಿದ್ದರು. ನಕ್ಷೆಯೇ ಎಲ್ಲಾ ಹೇಳುತ್ತಿರುವಾಗ ಅದೊಂದು ದಂಡದ ಕೆಲಸ ಅನ್ನಿಸಿತ್ತು ಅವರಿಗೆ.

ಸೋಸಿದ ನೀರಿನಲ್ಲಿ ಸೀಸ ಸೊನ್ನೆ. ನಲ್ಲಿ ನೀರಿನಲ್ಲಿ ಶೆಡ್ಡುಗಳಿದ್ದ ಕಾಲದಷ್ಟೇ ಸೀಸ, ಒಂದು ಚೂರೂ ಕಡಿಮೆಯಿಲ್ಲ.

ಸಿಂಚನ ಎದ್ದು ಕೋಣೆಯಲ್ಲಿ ಎರಡು ಸುತ್ತು ಬಂದಳು. ಮನೆಯಿಂದ ಬಿಚ್ಚಿಕೊಂಡು ಬಂದಿದ್ದ ಬಟ್ಟೆಯ ಒಂದು ಮೂಲೆ ಕತ್ತರಿಸಿ ಅದನ್ನೂ ಯಂತ್ರಕ್ಕೆ ಕೊಟ್ಟಳು. ಆ ಬಟ್ಟೆಗೆ ಹತ್ತು ತಿಂಗಳು ವಯಸ್ಸು. ಹೊಳೆಯಷ್ಟು ನೀರು ಸೋಸಿದೆ. ಹಳದಿ ಮಿಶ್ರಿತ ಬಿಳಿ. ಯಂತ್ರದ ಪ್ರಕಾರ ಅದರಲ್ಲಿ ಇದ್ದದ್ದು ಐದಾರು ದಿನ ಹಿಡಿದಷ್ಟು ಸೀಸ, ಅಷ್ಟೇ.

ಅಲ್ಲಾ, ನೀರಿನ ಜೊತೆ ಮನೆಯೊಳಗೆ ಬಂತು. ಸೋಸಿದ ನೀರಿನಲ್ಲಿ ಹೊರಗೆ ಹೋಗಲಿಲ್ಲ. ಬಟ್ಟೆಯಲ್ಲೂ ಇಲ್ಲ. ಸೀಸವೇನು ಆವಿಯಾಗಿ ಹಾರಿಹೋಗುವ ವಸ್ತುವೇ? ಹತ್ತು ತಿಂಗಳ ಸೀಸ ಎಲ್ಲಿ ಹೋಯಿತು?

ಬಟ್ಟೆ ಹಿಡಿದುಕೊಂಡು ಕೆಳಗಿನ ನೂಲು ಕೋಣೆಗೆ ಓಡಿದಳು. ಅಲ್ಲಿ ಮುನೀರಣ್ಣ ಇದ್ದ. ಮೂರು ತಲೆಮಾರು ರೇಷ್ಮೆ ಬಿಚ್ಚಿ ಬಣ್ಣ ಹಾಕಿದ ಮನೆತನ. ಈಗ ಯಂತ್ರದ ಪಾಕ ಹದ ಮಾಡುವವನು ಅವನೇ. ಇಂಜಿನಿಯರುಗಳು ಅಳತೆ ನೋಡಿ ಹೇಳುವುದನ್ನು ಅವನು ಬೆರಳಲ್ಲಿ ಮುಟ್ಟಿ ಹೇಳುತ್ತಿದ್ದ.

"ಇದು ಏನಾಗಿದೆ ನೋಡಿ ಮುನೀರಣ್ಣ."

ಮುನೀರಣ್ಣ ಬಟ್ಟೆಯನ್ನು ಬೆಳಕಿಗೆ ಹಿಡಿಯಲಿಲ್ಲ. ಕಿವಿಯ ಹತ್ತಿರ ಹಿಡಿದು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿದ. ಒಣಗಿದ ಎಲೆ ತುಳಿದಂತೆ ಕಿರ್ ಅಂತು. ಇನ್ನೊಂದು ಹೊಸ ಬಟ್ಟೆ ತೆಗೆದು ಉಜ್ಜಿದ. ಅದು ಸದ್ದೇ ಮಾಡಲಿಲ್ಲ.

"ಇದಕ್ಕೆ ಹುಳಿ ಹಾಕಿದಾರೆ ಮೇಡಂ."

"ಹುಳಿ ಅಂದ್ರೆ?"

"ಹುಳಿ ಅಂದ್ರೆ ಹುಳಿ. ಹೊಸ ರೇಷ್ಮೆ ಸೀರೆ ಉಟ್ಟು ನಡೆದ್ರೆ ಸರ್ ಸರ್ ಅನ್ನಲ್ವಾ, ಅದು ಸುಮ್ನೆ ಬರಲ್ಲ. ನಮ್ಮಪ್ಪ ಬಣ್ಣ ಹಾಕಿದ್ಮೇಲೆ ಕೊನೇ ನೀರಿಗೆ ಹುಳಿ ಬಿಡ್ತಿದ್ರು. ಹುಳಿ ಕುಡಿದ್ರೆ ರೇಷ್ಮೆ ಮಾತಾಡುತ್ತೆ. ಇದು ಒಂದ್ ಸಲ ಅಲ್ಲ, ಎಷ್ಟೋ ಸಲ ಕುಡಿದಿದೆ." ಮೂಸಿ ನೋಡಿದ. "ಹುಣಸೆಹಣ್ಣು."

ಕೇಂದ್ರದಲ್ಲೂ ಮಾಡುತ್ತಿದ್ದದ್ದು ಅದನ್ನೇ. ಕೆಂಪಾಗಿ ವಾಪಸ್ ಬಂದ ಬಟ್ಟೆಯನ್ನು ಮುಚ್ಚಿದ ತೊಟ್ಟಿಯಲ್ಲಿ ಆಮ್ಲಕ್ಕೆ ಹಾಕಿದರೆ ಕೊಂಡಿಗಳ ಹಿಡಿತ ಸಡಿಲವಾಗುತ್ತದೆ, ಸೀಸ ಕಳಚಿ ನೀರಿಗೆ ಬೀಳುತ್ತದೆ, ಬಟ್ಟೆ ಮತ್ತೆ ಬಿಳಿಯಾಗುತ್ತದೆ. ಆ ನೀರನ್ನು ಸೀಸದ ಪೀಪಾಯಿಗೆ ತುಂಬಿ ಮೊಹರು ಹಾಕುತ್ತಾರೆ. ಜನರಿಗೆ ಇದನ್ನು ಹೇಳುವ ಗೋಜಿಗೆ ಯಾರೂ ಹೋಗಿರಲಿಲ್ಲ. ಚೌಕಟ್ಟಿನ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ "ಮನೆಯಲ್ಲಿ ತೊಳೆಯಬಾರದು" ಅಂತ ಬರೆದಿತ್ತು. ಓದಿದವರು ಯಾರು? ಹಿತ್ತಾಳೆ ಕೊಡವನ್ನು ತಲೆತಲಾಂತರದಿಂದ ಹುಣಸೆ ಹಿಪ್ಪೆಯಲ್ಲಿ ಉಜ್ಜಿ ಥಳಥಳ ಮಾಡಿದ ಕೈಗಳಿಗೆ ಕೆಂಪು ಬಟ್ಟೆ ಕಂಡರೆ ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಭಾನುವಾರ ಮಧ್ಯಾಹ್ನ ಸಿಂಚನ ಕೆಲಸಕ್ಕೆಂದು ಹೇಳಿ ಹೊರಟವಳು, ಮನೆಯಲ್ಲಿ ಬಟ್ಟೆಗೆ ಏನು ಮಾಡುತ್ತಾರೆ ನೋಡಲು ಅರ್ಧ ದಾರಿಯಿಂದ ತಿರುಗಿ ಬಂದಳು. ಹಿತ್ತಲ ಬಾಗಿಲು ತೆರೆದಿತ್ತು. ಒಗೆಯುವ ಕಲ್ಲಿನ ಪಕ್ಕ ಕೆಂಪಾಜಮ್ಮ ಕುಕ್ಕರುಗಾಲಲ್ಲಿ ಕೂತಿದ್ದಳು. ಮುಂದೆ ಬೋಗುಣಿ, ಅದರಲ್ಲಿ ಹುಣಸೆ ಕಿವುಚಿದ ನೀರು. ಪಕ್ಕದಲ್ಲಿ ಒಂದಲ್ಲ, ಏಳೆಂಟು ಸೋಸುಬಟ್ಟೆ. ಇಟ್ಟಿಗೆ ಬಣ್ಣದ ಒಂದು ಬಟ್ಟೆಯನ್ನು ಮಗುವಿನ ಕೆನ್ನೆ ಸವರುವಷ್ಟು ಮೆತ್ತಗೆ ಉಜ್ಜುತ್ತಿದ್ದಳು. ಕೆಂಪು ಕರಗಿ ನೀರಿಗೆ ಇಳಿಯುತ್ತಿತ್ತು.

"ಅತ್ತೆ."

"ಅಯ್, ಆಗ್ಲೇ ಬಂದ್ಯಾ? ನಾಳೆ ಸೋಮವಾರ ಅಲ್ವಾ, ಬಟ್ಟೆ ತೊಳೀತಾ ಇವ್ನಿ. ಆ ಗುಂಡಮ್ಮನ ಸೊಸೆ, ಆಕಡೆ ಮನೆ ಹುಡ್ಗೀರು, ಇವ್ಕೆ ಉಜ್ಜೋಕೆ ಬರಕಿಲ್ಲ, ಹರ್ದಾಕ್ಬುಡ್ತವೆ. ಕೊಡ್ರವ್ವ ಅಂತ ನಾನೇ ಈಸ್ಕಂಡೆ."

"ಎಷ್ಟು ದಿನದಿಂದ?"

"ಓದ್ ಗೌರಿಹಬ್ಬದಿಂದ. ನಿಂಗ್ ಮರ್ತೋಯ್ತಾ? ನಮ್ ಬಟ್ಟೆ ಮೊದ್ಲು ಹಳದಿ ಆದಾಗ ನೀನು ಅಳ್ತಾ ಕೂತಿದ್ದೆ. ಊರಿಗೆಲ್ಲಾ ಬಣ್ಣ ನೋಡೋಳು ನಾನು, ನಮ್ಮನೆ ಬಟ್ಟೇನೇ ಹಿಂಗಾದ್ರೆ ಆಫೀಸ್ನಲ್ಲಿ ಹೆಂಗ್ ಮುಖ ಎತ್ಲಿ ಅಂದಿದ್ದೆ. ಅವತ್ತೇ ತೊಳ್ದು ಬೆಳ್ಳಗೆ ಮಾಡಿ ಕಟ್ದೆ. ನಿಂಗೆ ಗೊತ್ತೇ ಆಗ್ಲಿಲ್ಲ." ಕೆಂಪಾಜಮ್ಮ ನಕ್ಕಳು. ಸೊಸೆಗೆ ಗೊತ್ತಾಗದಂತೆ ಸೊಸೆಯ ಮಾನ ಉಳಿಸಿದ ಹೆಮ್ಮೆ ಅದು.

ನಗುತ್ತಲೇ ಬೋಗುಣಿ ಎತ್ತಿ ನೀಲಿ ಡ್ರಮ್ಮಿಗೆ ಸುರಿದಳು. "ಹುಣಸೆ ನೀರು ಎಮ್ಮೆಗೆ ಒಳ್ಳೇದು, ಹಸಿವಾಯ್ತದೆ."

ಅಷ್ಟರಲ್ಲಿ ಪಕ್ಕದ ಮನೆಯ ಮಂಗಳ ಗೋಡೆಯಾಚೆಯಿಂದ ಕೈ ಚಾಚಿ ತನ್ನ ಪಾತ್ರೆಯನ್ನೂ ಡ್ರಮ್ಮಿಗೆ ಬಗ್ಗಿಸಿದಳು. ಅದೂ ಬಟ್ಟೆ ತೊಳೆದ ಕಂದು ನೀರು. ಅದರ ಹಿಂದೆಯೇ ಇನ್ಯಾರದೋ ಬಕೆಟ್ಟು. ಇಪ್ಪತ್ತಾರು ಮನೆ. ಇಪ್ಪತ್ತಾರು ಮನೆಯ ನಲ್ಲಿಯಿಂದ ಬಂದ ಸೀಸವೆಲ್ಲ ಒಂದು ಡ್ರಮ್ಮಿಗೆ, ಡ್ರಮ್ಮಿನಿಂದ ಒಂದು ಎಮ್ಮೆಯ ಹೊಟ್ಟೆಗೆ, ಅಲ್ಲಿಂದ ಕೆಚ್ಚಲಿಗೆ.

ಕೊಟ್ಟಿಗೆಯ ಮೆಟ್ಟಿಲ ಮೇಲೆ ಋತ್ವಿ ಕೂತಿದ್ದಳು. ಕೈಯಲ್ಲಿ ಲೋಟ, ಮೇಲ್ತುಟಿಗೆ ನೊರೆ. ಸಿಂಚನ ಹೇಗೆ ಹಾರಿದಳೋ ಏನೋ, ಲೋಟ ಅಂಗಳದ ಆಚೆಗೆ ಬಿತ್ತು. ಮಗು ಬೆಚ್ಚಿ ಚೀರಿತು.

"ಏನ್ ಬಂದೈತೆ ನಿಂಗೆ? ಮಗೀನ್ ಕೈಯಿಂದ ಹಾಲು ಕಿತ್ಕತೀಯಾ?" ಕೆಂಪಾಜಮ್ಮ ಎದ್ದುನಿಂತಳು. ಹನ್ನೊಂದು ವರ್ಷದಲ್ಲಿ ಅವಳು ಸೊಸೆಗೆ ದನಿ ಎತ್ತಿದ್ದು ಅದೇ ಮೊದಲು.

"ಅತ್ತೆ, ಆ ಕೆಂಪು ಎಲ್ಲಿ ಹೋಯ್ತು ಹೇಳಿ. ಬಟ್ಟೆ ಬೆಳ್ಳಗಾಯ್ತಲ್ಲ, ಕೆಂಪು ಎಲ್ಲಿ ಹೋಯ್ತು?"

ಕೆಂಪಾಜಮ್ಮ ಬೋಗುಣಿ ನೋಡಿದಳು. ಡ್ರಮ್ಮು ನೋಡಿದಳು. ಚೆಲುವಿ ಡ್ರಮ್ಮಿನ ಕಡೆ ಮೂತಿ ಚಾಚಿ ಹಗ್ಗ ಎಳೆಯುತ್ತಿತ್ತು. ಕೆಂಪಾಜಮ್ಮ ಓದಿದವಳಲ್ಲ, ಆದರೆ ದಡ್ಡಿಯೂ ಅಲ್ಲ. ಒಂದೊಂದೇ ಹೆಜ್ಜೆ ಅವಳ ಕಣ್ಣಲ್ಲಿ ನಡೆದುಹೋದದ್ದು ಸಿಂಚನಳಿಗೆ ಕಂಡಿತು. ಆ ನೋಟ ಕೊನೆಗೆ ಮಗುವಿನ ಹತ್ತಿರ ಬಂದು ನಿಂತಿತು. ಆಕೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು.

"ನಾನೇ ಕುಡುಸ್ದೆ," ಅಂದಳು. "ಬ್ಯಾಡ ಅಂದ್ರೂ ಮೂಗು ಹಿಡ್ಕಂಡ್ ಕುಡುಸ್ದೆ."

ಸಿಂಚನಳಿಗೆ ಕೂಗಾಡಬೇಕು ಅನ್ನಿಸಿತು. ಯಾರ ಮೇಲೆ ಅಂತ ತಿಳಿಯಲಿಲ್ಲ. ಆಫೀಸಿನಲ್ಲಿ ಹೇಗೆ ಮುಖ ಎತ್ತಲಿ ಅಂದವಳು ಅವಳೇ ತಾನೆ.

ಮಗುವನ್ನು ಸೊಂಟಕ್ಕೇರಿಸಿಕೊಂಡು ಅಂಗಳದಲ್ಲಿ ಅಡ್ಡಾಡುತ್ತಲೇ ನಿರ್ದೇಶಕಿಗೆ ಫೋನ್ ಮಾಡಿದಳು. ಶ್ರೀವಿದ್ಯಾ ಮೇಡಂ ಪೂರ್ತಿ ಕೇಳಿಸಿಕೊಂಡರು. ಅವರು ಕೆಟ್ಟವರಲ್ಲ, ಸುಸ್ತಾದವರು.

"ನಿನ್ನ ಮನೆಯಲ್ಲಿ ಹಾಲು ನಿಲ್ಲಿಸು, ಮಗೂಗೆ ಚಿಕಿತ್ಸೆ ಕೊಡಿಸು. ಬೇಕಾದ ಸಹಾಯ ನಾನು ಮಾಡ್ತೀನಿ. ಆದರೆ ನಾಳೆ ನಕ್ಷೆ ಕೆಂಪಾದರೆ ಘೋಷಣೆ ನಿಲ್ಲುತ್ತೆ, ಯಂತ್ರ ಇಲ್ಲೇ ಉಳಿಯುತ್ತೆ. ಪಕ್ಕದ ತಾಲ್ಲೂಕಲ್ಲಿ ಎರಡು ವರ್ಷದಿಂದ ಕಾಯ್ತಿದ್ದಾರೆ ಸಿಂಚನಾ. ಅಲ್ಲೂ ನಿನ್ನ ಮಗಳ ವಯಸ್ಸಿನ ಮಕ್ಕಳಿವೆ. ಒಂದು ವಾರ ತಡಿ. ಶುಕ್ರವಾರ ಕಳೆದ ಮೇಲೆ ನಿಧಾನಕ್ಕೆ ಜನರಿಗೆ ತಿಳಿಸೋಣ."

ಸುಳ್ಳಲ್ಲ ಅದು. ಮನೆಯದ್ದು ಸರಿ ಮಾಡಿಕೊಂಡು ತೆಪ್ಪಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಗುವೂ ಉಳಿಯುತ್ತಿತ್ತು, ಕೆಲಸವೂ ಉಳಿಯುತ್ತಿತ್ತು, ಅತ್ತೆಯ ಹೆಸರೂ ಉಳಿಯುತ್ತಿತ್ತು. ಒಂದು ಕ್ಷಣ ಆಸೆಯಾಯಿತು, ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ.

"ನಾನು ಯೋಚನೆ ಮಾಡ್ತೀನಿ ಮೇಡಂ" ಅಂತ ತಿರುಗಿ ನೋಡಿದರೆ ಒಗೆಯುವ ಕಲ್ಲು ಖಾಲಿ.

ಕೆಂಪಾಜಮ್ಮ ಆಗಲೇ ಮಂಗಳಳ ಬಾಗಿಲಲ್ಲಿದ್ದಳು. ಸಂಜೆಯ ಹಾಲು ಹಾಕುವ ಹೊತ್ತು ಅದು. ಕೈಯಲ್ಲಿ ಹಾಲಿನ ಕ್ಯಾನು ಇರಲಿಲ್ಲ. ಸಿಂಚನ ಮಗುವನ್ನೆತ್ತಿಕೊಂಡೇ ಓಡಿದಳು.

"ಹಾಲು ಎಲ್ಲಕ್ಕ?" ಅಂತಿದ್ದಳು ಮಂಗಳ. ಒಳಗೆ ಅವಳ ಮಗಳು, ಏಳು ತಿಂಗಳ ಬಸುರಿ, ಗೋಡೆಗೊರಗಿ ಕೂತಿದ್ದಳು.

"ಇನ್ ಮ್ಯಾಲೆ ಇಲ್ಲ ಕಣವ್ವ. ಆ ಹಾಲಲ್ಲಿ ಸೀಸ ಐತೆ. ನಾವು ಬಟ್ಟೆ ತೊಳ್ದು ತೊಳ್ದು ಎಮ್ಮೆಗೆ ಕುಡುಸ್ದೋ, ಅದು ನಮ್ಗೇ ಕೊಡ್ತು. ಯೋಳ್ಕೊಟ್ಟೋಳು ನಾನೇ. ನಿನ್ ಮಗಳನ್ನ ನಾಳೇನೇ ಆಸ್ಪತ್ರೆಗೆ ತೋರ್ಸು."

ಮಂಗಳಳಿಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಅರ್ಥವಾದ ಮೇಲೆ ಅವಳು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ. ಕೆಂಪಾಜಮ್ಮ ತಲೆ ತಗ್ಗಿಸಿ ಅಷ್ಟನ್ನೂ ಕೇಳಿಸಿಕೊಂಡಳು. ಬಾಗಿಲು ಮುಖದ ಮೇಲೆ ಮುಚ್ಚಿತು. ಆಕೆ ಸೆರಗು ಸರಿಮಾಡಿಕೊಂಡು ಮುಂದಿನ ಮನೆಗೆ ನಡೆದಳು.

ಸಿಂಚನಳ ಯೋಚನೆ ಅಲ್ಲಿಗೆ ಮುಗಿಯಿತು. ಮೂರನೇ ಮನೆಯಿಂದ ಅವಳೂ ಜೊತೆಗೆ ನಿಂತಳು. ಅತ್ತೆ ತಪ್ಪು ಒಪ್ಪಿಕೊಳ್ಳುವುದು, ಸೊಸೆ ಕಾರಣ ವಿವರಿಸುವುದು. ಕೆಲವರು ಅತ್ತರು, ಕೆಲವರು ಬೈದರು, ಒಬ್ಬಳು ಮಾತ್ರ ಒಳಗೆ ಕರೆದು ನೀರು ಕೊಟ್ಟಳು. "ನಾಳೆ ಬಟ್ಟೆ ಹೆಂಗಿದೆಯೋ ಹಂಗೇ ಕಟ್ಟಿ" ಅಂತ ಪ್ರತಿ ಮನೆಯಲ್ಲೂ ಹೇಳಿದರು. ಇಪ್ಪತ್ತಾರು ಮನೆ ಮುಗಿಯುವ ಹೊತ್ತಿಗೆ ಬೀದಿದೀಪ ಹತ್ತಿತ್ತು.

ಮಾರನೇ ದಿನ ಎಂಟು ಗಂಟೆಗೆ ನಿಯಂತ್ರಣ ಕೊಠಡಿಯಲ್ಲಿ ಮೊದಲ ಬಣ್ಣದ ಚುಕ್ಕೆ ಹತ್ತಿತು, ಹಳದಿ. ಅದರ ಹಿಂದೆಯೇ ಕಡುಕೆಂಪು. ಎಂಟೂಕಾಲಿಗೆ ಸಿಂಚನಳ ಬೀದಿಯಲ್ಲೇ ಹನ್ನೆರಡು. ಉಳಿದವರು ಕಟ್ಟಲಿಲ್ಲ, ಬಾಗಿಲನ್ನೂ ತೆರೆಯಲಿಲ್ಲ. ಆದರೆ ಒಂಬತ್ತರ ಮೇಲೆ ಬೇರೆ ಬೀದಿಗಳಲ್ಲೂ ಶುರುವಾಯಿತು. ಹುಣಸೆಯ ವಿದ್ಯೆ ಹೇಗೆ ತವರಿಗೆ, ಓರಗಿತ್ತಿಯ ಮನೆಗೆ, ಸಂಘದ ಗೆಳತಿಯ ಮನೆಗೆ ಹೋಗಿತ್ತೋ, ಸುದ್ದಿಯೂ ಅದೇ ದಾರಿ ಹಿಡಿದು ಹೋಗಿತ್ತು. ಹನ್ನೊಂದಕ್ಕೆ ನಾನೂರು ದಾಟಿತು.

ಶ್ರೀವಿದ್ಯಾ ಮೇಡಂ ಕುರ್ಚಿ ಎಳೆದುಕೊಂಡು ಕೂತರು.

"ಮೊದಲನೇದು ಯಾರ ಮನೆ?"

"ನಮ್ಮದು ಮೇಡಂ."

ಅವರು ಸಿಂಚನಳನ್ನು ದುರುಗುಟ್ಟಿ ನೋಡಿದರು. ಬೈಯುತ್ತಾರೆ ಅಂದುಕೊಂಡಳು. ಅವರು ಫೋನ್ ಎತ್ತಿಕೊಂಡು, ಶುಕ್ರವಾರದ ಕಾರ್ಯಕ್ರಮ ಇಲ್ಲ, ರಕ್ತ ಪರೀಕ್ಷೆಯ ಗಾಡಿ ಬೇಕು, ಇವತ್ತೇ ಬೇಕು ಅಂದರು. ಪಕ್ಕದ ತಾಲ್ಲೂಕಿನವರಿಗೆ ಏನು ಹೇಳಬೇಕು ಅಂತ ಯಾರೂ ಯಾರನ್ನೂ ಕೇಳಲಿಲ್ಲ. ಸಿಂಚನಳಿಗೆ ಆ ಮಕ್ಕಳ ನೆನಪು ಮಾತ್ರ ಬಿಡಲಿಲ್ಲ.

ಬುಧವಾರ ಶಾಲೆಯ ಮೈದಾನದಲ್ಲಿ ಗಾಡಿ ನಿಂತಿತು. ಮಕ್ಕಳು, ಬಸುರಿಯರು ಮೊದಲು. ಮಂಗಳಳ ಮಗಳಿಗೆ ಹನ್ನೊಂದು. ಹೆಚ್ಚೇ, ಆದರೆ ಈಗ ನಿಲ್ಲಿಸಿದರೆ ಪರವಾಗಿಲ್ಲ ಅಂದರು ಡಾಕ್ಟರು. ಮಂಗಳ ಸಾಲಿನಲ್ಲಿ ಕೆಂಪಾಜಮ್ಮನ ಮುಖ ನೋಡಲಿಲ್ಲ, ಬೈಯಲೂ ಇಲ್ಲ. ಋತ್ವಿಗೆ ಇಪ್ಪತ್ತನಾಲ್ಕು.

ಕೊನೆಗೆ ದೊಡ್ಡವರ ಸರದಿ. ಕೆಂಪಾಜಮ್ಮನ ಬೆರಳು ಚುಚ್ಚಿದ ಡಾಕ್ಟರು ಯಂತ್ರ ನೋಡಿ, ಒರೆಸಿ, ಇನ್ನೊಂದು ಬೆರಳು ಚುಚ್ಚಿದರು. ಎರಡು ಸಲವೂ ಎಪ್ಪತ್ತರ ಮೇಲೆ.

"ಅಜ್ಜಿ, ಕೈ ಯಾವಾಗಿನಿಂದ ನಡುಗುತ್ತೆ?"

"ಆರ್ ತಿಂಗಳಾಯ್ತೇನೋ. ವಯಸ್ಸಾಯ್ತಲ್ಲ ಸ್ವಾಮಿ, ಅಂದ್ಕಂಡೆ."

ವರ್ಷವಿಡೀ ಬೀದಿಯ ಬಟ್ಟೆಗಳನ್ನು ಕೈಯಾರೆ ಉಜ್ಜಿ, ಆ ಕೈಯಲ್ಲೇ ಎಲೆಗೆ ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಂಡವಳು ಅವಳು. ಎಲ್ಲರಿಗೂ ಹಾಕಿ ತಳದಲ್ಲಿ ಉಳಿದ ಹಾಲು ಕುಡಿದವಳೂ ಅವಳೇ.

"ನೀವು ಇವತ್ತೇ ಜಿಲ್ಲಾಸ್ಪತ್ರೆಗೆ ಸೇರ್ಬೇಕು. ತಡ ಮಾಡಿದ್ರೆ ಜೀವಕ್ಕೇ ಕಷ್ಟ."

"ನಂದಿರ್ಲಿ ಬುಡಿ. ಮಗೀಂದು ಇಳಿತದಾ?"

"ಇಳಿಯುತ್ತೆ. ನಿಧಾನವಾಗಿ."

"ಮಾತು?"

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. "ನೋಡೋಣ ಅಜ್ಜಿ."

ಕೆಂಪಾಜಮ್ಮ ಆಸ್ಪತ್ರೆಗೆ ಹೋದ ಮೇಲೆ ಚೆಲುವಿ ಸಿಂಚನಳ ಪಾಲಿಗೆ ಬಂತು. ಮಾರುವಂತಿಲ್ಲ, ಕೊಂಡವರು ಹಾಲು ಕುಡಿದೇ ಕುಡಿಯುತ್ತಾರೆ. ಕರೆಯದೆ ಬಿಡುವಂತಿಲ್ಲ, ಕೆಚ್ಚಲು ಬಾತು ಎಮ್ಮೆ ಒರಲುತ್ತದೆ. ಜನ್ಮದಲ್ಲಿ ಹಾಲು ಕರೆಯದ ಸಿಂಚನ ಕಲಿತಳು, ಎರಡು ಸಲ ಒದೆಸಿಕೊಂಡೂ ಕಲಿತಳು. ದಿನಾ ಬೆಳಿಗ್ಗೆ ಕರೆದದ್ದನ್ನು ಸ್ಕೂಟರಿನಲ್ಲಿಟ್ಟುಕೊಂಡು ಕೇಂದ್ರಕ್ಕೆ ಒಯ್ಯುತ್ತಿದ್ದಳು. ಮುನೀರಣ್ಣ ಸೀಸದ ಪೀಪಾಯಿಯ ಮುಚ್ಚಳ ತೆಗೆದು ಹಿಡಿಯುತ್ತಿದ್ದ. ಅವಳು ಬೆಚ್ಚಗಿನ ಹಾಲನ್ನು ಅದಕ್ಕೆ ಸುರಿಯುತ್ತಿದ್ದಳು.

ಐದನೇ ವಾರ ಋತ್ವಿಯ ಸೀಸ ಹದಿನೆಂಟಕ್ಕೆ ಇಳಿಯಿತು. ಅಳಿಲಿನ ಹೆಸರು ಇನ್ನೂ ಬಂದಿರಲಿಲ್ಲ. ಅವತ್ತು ಪೀಪಾಯಿಯ ಪಕ್ಕ ನಿಂತಿದ್ದಾಗಲೇ ಆಸ್ಪತ್ರೆಯಿಂದ ಫೋನ್ ಬಂತು.

"ಎಷ್ಟಕ್ಕಿಳೀತು?" ಕೆಂಪಾಜಮ್ಮನ ದನಿ ಸಣ್ಣಗಾಗಿತ್ತು.

"ಹದಿನೆಂಟು ಅತ್ತೆ."

"ಹೂಂ. ಹಾಲು ಸುರುದ್ಯಾ?"

"ಸುರಿದೆ."

"ಎಲ್ಲಾನೂವಾ?"

"ಎಲ್ಲಾನೂ."

ಆಮೇಲೆ, ಕೇಳಲೋ ಬೇಡವೋ ಅನ್ನುವಂತೆ, "ನೊರೆ ಬಂದಿತ್ತಾ?"

ಸಿಂಚನ ಪೀಪಾಯಿಯೊಳಗೆ ನೋಡಿದಳು. ಬೂದು ನೀರಿನ ಮೇಲೆ ಬೆಳ್ಳಗೆ, ದಪ್ಪಗೆ, ಇನ್ನೂ ಒಡೆಯದೆ ನಿಂತಿತ್ತು.

"ಚೆನ್ನಾಗಿ ಬಂದಿತ್ತು ಅತ್ತೆ" ಅಂದಳು. ಮುನೀರಣ್ಣ ಮುಚ್ಚಳ ಹಾಕಲು ಕಾಯುತ್ತಿದ್ದ.